ನೂರ ಮೂವತ್ತಮೂರು

ನೂರೆಂಬತ್ತರಲ್ಲಿ ನಿನ್ನ ವಯಸ್ಸು ಕಳಿ ಅಂದರು
ಪಿ.ಟಿ. ಮೇಷ್ಟ್ರು ಲಾಜರಸ್, ಸ್ಟೇಡಿಯಮ್ಮಿನ ಗೇಟಲ್ಲಿ.
ನಲವತ್ತೇಳು ಕಳೆದೆ.
ಉಳಿದದ್ದರ ಮೇಲೆ ಹೋದರೆ ವಾಚು ಕಿರುಗುಟ್ಟುತ್ತೆ,
ಆಗ ನಡೀಬೇಕು, ಮುಖ ಹುಳಿ ಮಾಡ್ಕೋಬೇಡ,
ನಡೆಯೋದು ಸೋಲಲ್ಲ ಕಣಯ್ಯ, ಗೇರು ಇಳಿಸೋದು.

ಗೇರಿನ ಮಾತು ನನಗೆ ತಿಳಿಯುತ್ತೆ.
ಇಪ್ಪತ್ತೊಂದು ವರ್ಷ ಹಾಸನ ಡಿಪೋದ ಸ್ಟೇರಿಂಗು;
ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಬರೆದ ಬೋರ್ಡಲ್ಲಿ
ಮೂರನೆಯದಕ್ಕಿಂತ ಕೆಳಗೆ ನನ್ನ ಹೆಸರು ಇಳಿದದ್ದಿಲ್ಲ.
ಎಂಜಿನ್ನು ಏದುಸಿರು ಬಿಡುವ ಮೊದಲೇ
ಬಲಗಾಲ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.
ಖಾಕಿ ಗುಂಡಿಯ ಹಿಂದಿನ ಎಂಜಿನ್ನಿನದನ್ನು
ಯಾವ ಬೋರ್ಡಲ್ಲೂ ಯಾರೂ ಬರೆಯಲಿಲ್ಲ.

ಎದೆಪಟ್ಟಿ ಮೇಷ್ಟರದೇ, ಹಳೆಯದು.
ಸಡಿಲಾದ ಎಲಾಸ್ಟಿಕ್ಕಿಗೆ ರಾಜಮಣಿ ಎರಡು ಹೊಲಿಗೆ ಹಾಕಿ,
ಹೆಂಗಸರ ಬಟ್ಟೆ ಇದ್ದ ಹಾಗಿದೆಯಲ್ಲ ಅಂತ ನಕ್ಕಳು.
ಒದ್ದೆ ಮಾಡಿಯೇ ಕಟ್ಟಬೇಕು, ಇಲ್ಲದಿದ್ದರೆ ಹೃದಯ ಅದಕ್ಕೆ ಕೇಳಿಸದು.
ಹಾಸನದ ಡಿಸೆಂಬರು, ಐದೂಕಾಲು ಗಂಟೆ,
ಎದೆಗೆ ತಣ್ಣೀರಿನ ಪಟ್ಟಿ:
ಆ ಒಂದು ಕ್ಷಣ ಯಾರ ಮೇಲಾದರೂ ಸಿಟ್ಟು ಬರುತ್ತೆ.

ಮೊದಲ ದಿನ ಡೈರಿ ಸರ್ಕಲ್ಲಿಂದ ಹೊರಟು
ಇನ್ನೂರು ಹೆಜ್ಜೆಗೆ ಕೂಗಿತು.
ನಡೆದೆ. ಓಡಿದೆ. ಕೂಗಿತು. ನಡೆದೆ.
ಸ್ವೆಟರಿನ ಮೇಲೆ ಸೆರಗು ಸಿಕ್ಕಿಸಿದ ಇಬ್ಬರು ಹೆಂಗಸರು
ಮಗಳ ಬಯಕೆ ಊಟದ ಮಾತಲ್ಲೇ ನನ್ನ ದಾಟಿಹೋದರು.
ಒಬ್ಬಾಕೆ ತಿರುಗಿ, ಕಾಲುಳುಕಿತಾ ಅಣ್ಣ?
ಇಲ್ಲಮ್ಮ, ಓಡ್ತಾ ಇದೀನಿ.

ಯಾಕೆ ಎಂದು ಡಿಪೋದಲ್ಲಿ ಯಾರೂ ಕೇಳಲಿಲ್ಲ.
ಧರ್ಮಪಾಲನ ವಿಷಯ ಎಲ್ಲರಿಗೂ ಗೊತ್ತು.
ದೋಣಿಗಾಲ್ ದಾಟಿ ಎರಡನೇ ತಿರುವಲ್ಲಿ
ಬಸ್ಸನ್ನು ಎಡಕ್ಕೆ ಒತ್ತಿ ನಿಲ್ಲಿಸಿ,
ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು,
ಆಮೇಲೆ ಸ್ಟೇರಿಂಗಿನ ಮೇಲೆ ತಲೆ ಇಟ್ಟ.
ನಲವತ್ತೆರಡು ಜನ, ನಿದ್ದೆ ಅಂದುಕೊಂಡರಂತೆ.
ನಾನು ಹೋದಾಗ ಇಂಡಿಕೇಟರು
ಇನ್ನೂ ಟಿಕ್ ಟಿಕ್ ಅನ್ನುತ್ತಿತ್ತು.
ಈಗ ಆ ಶೆಡ್ಯೂಲು ನನ್ನದು.

ನಾಲ್ಕು ತಿಂಗಳಾಯಿತು. ಒಂದು ಸುತ್ತು
ಮೂರು ನಿಮಿಷ ನಲವತ್ತು ಸೆಕೆಂಡು ಇದ್ದದ್ದು
ಮೂರರ ಒಳಗೆ ಬಂದಿದೆ.
ಅದೇ ನೂರ ಮೂವತ್ತಮೂರಕ್ಕೆ, ಅದೇ ಡೀಸೆಲ್ಲಿಗೆ.
ಸೀಗೆಗುಡ್ಡದ ಏರಿಗೆ ಮಾತ್ರ ಈಗಲೂ ನಡೆಯುತ್ತೇನೆ,
ಕೈ ಬೆನ್ನ ಹಿಂದೆ ಕಟ್ಟಿ, ಜಮೀನು ನೋಡಲು ಬಂದವನ ಹಾಗೆ.
ನಸುಕಿನಲ್ಲಿ ಹಾಸಿಗೆಯಲ್ಲೇ ನಾಡಿ ಎಣಿಸುತ್ತೇನೆ:
ಎಪ್ಪತ್ತೆಂಟಿತ್ತು, ಅರವತ್ತಾರು.
ನಡುವೆ ಹುಟ್ಟಿದ ಬಿಡುವಿನಲ್ಲಿ
ರಾಜಮಣಿಯ ಉಸಿರೂ ಕೇಳಿಸುತ್ತೆ.

ಮೊನ್ನೆ ಪಟ್ಟಿ ಬಿಚ್ಚಲು ಮರೆತು
ಖಾಕಿಯೊಳಗೇ ಕಟ್ಟಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದೆ.
ಸಂಜೆ ಮೇಷ್ಟ್ರು ಮೊಬೈಲಿನಲ್ಲಿ ಗೆರೆ ನೋಡುತ್ತಾ,
ಹನ್ನೊಂದು ನಲವತ್ತಕ್ಕೆ ಇದೇನಯ್ಯ,
ನೂರ ಇಪ್ಪತ್ತೊಂಬತ್ತು? ಯಾವ ಗುಡ್ಡ ಹತ್ತಿದೆ?
ಕೂತಿದ್ದೆ ಸರ್.
ಕೂತಿದ್ದೆಯಾ?
ಎರಡನೇ ತಿರುವು ಸರ್.

ಅವರು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು.
ಎರಡು ಬೆರಳಲ್ಲಿ ಗೆರೆಯನ್ನು ಹಿಗ್ಗಿಸಿ ತೋರಿಸಿದರು:
ಇಳಿದದ್ದು ನೋಡು, ಒಂದೂವರೆ ನಿಮಿಷ.
ಚಳಿಗಾಲದಲ್ಲಾಗಿದ್ದರೆ ಗುಂಡ್ಯದ ತನಕ ಇಳೀತಿರಲಿಲ್ಲ.
ನಾನು ಏರಿದ ಕಡೆಯೇ ನೋಡುತ್ತಿದ್ದೆ.
ಆ ಮೊನೆಯ ತುದಿಯಲ್ಲಿ ಹ್ಯಾಂಡ್‌ಬ್ರೇಕಿನ ಸದ್ದಿತ್ತು.

ಬೆಳಗ್ಗೆ ಮತ್ತೆ ಡೈರಿ ಸರ್ಕಲ್ಲು.
ಆ ಇಬ್ಬರು ಮುಂದಿದ್ದರು, ಸ್ವೆಟರಿಲ್ಲದೆ;
ಮಾತು ಮಗುವಿಗಿಡುವ ಹೆಸರಿಗೆ ಬಂದಿತ್ತು.
ದಾಟಬಹುದಿತ್ತು.
ವಾಚು ಕೂಗಿರಲಿಲ್ಲ.
ಹೆಸರು ಏನಾಗುತ್ತೋ ಕೇಳೋಣವೆಂದು
ಸ್ವಲ್ಪ ದೂರ ಹಿಂದೆಯೇ ಓಡಿದೆ.